ಮೊದಲು ಬಿಸಿ, ಆಮೇಲೆ ತಂತಿ

ಹಾಜರಿ ಪುಸ್ತಕದಲ್ಲಿ ಆಕೆಗೊಂದು ಹೆಸರಿತ್ತು. ಕಾರ್ಖಾನೆಯಲ್ಲಿ ಆ ಹೆಸರು ಕೂಗಿದರೆ ಆಕೆಯೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಕಳಚಕ್ಕ. ಯಾರಾದರೂ ಹೊಸ ಪ್ರೋಗ್ರಾಂ ಬರೆದು ತಂದರೆ ಉಳಿದವರು ಅದು ಏನೇನು ಮಾಡುತ್ತದೆ ಎಂದು ಕೇಳುತ್ತಿದ್ದರು. ಆಕೆ ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದುದು ಒಂದೇ: "ಜೋಡಿಸಿದ್ದಾಯ್ತಲ್ಲ, ಕಳಚೋದು ಹೇಗೆ?" ಕೇಳಿಸಿಕೊಂಡು ಬೇಸತ್ತ ಯಾರೋ ಇಟ್ಟ ಹೆಸರು ಅದು. ಆಕೆಗೆ ಸಿಟ್ಟೇನೂ ಇರಲಿಲ್ಲ. "ಇದಾದ್ರೂ ಕೆಲಸ ನೋಡಿ ಇಟ್ಟಿದ್ದು. ನಮ್ಮಪ್ಪ ಏನು ನೋಡಿ ಇಟ್ಟಿದ್ರೋ?" ಎಂದು ನಗುತ್ತಿದ್ದಳು.

ಅದು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಬಿಸಿ ಪೆಟ್ಟಿಗೆ ತಯಾರಿಸುವ ಸಣ್ಣ ಕಾರ್ಖಾನೆ. ಅಂಥ ಕೂಸುಗಳಿಗೆ ಸ್ವಂತ ಮೈಬಿಸಿ ಉಳಿಸಿಕೊಳ್ಳುವ ತ್ರಾಣ ಇರುವುದಿಲ್ಲ. ಸುತ್ತ ಪಾರದರ್ಶಕ ಗೋಡೆ, ಕೆಳಗೆ ಬಿಸಿಯಾಗುವ ಹಾಸಿಗೆ, ಕೂಸಿನ ಹೊಟ್ಟೆಗೆ ಅಂಟಿಸುವ ಅಂಗಿ ಗುಂಡಿಯಷ್ಟು ದೊಡ್ಡ ಸೆನ್ಸರ್, ಅದರಿಂದ ಪೆಟ್ಟಿಗೆಗೆ ಒಂದು ತಂತಿ. ಕೂಸು ತಣ್ಣಗಾದರೆ ಹಾಸಿಗೆ ಬಿಸಿಯಾಗಬೇಕು, ಬೆಚ್ಚಗಾದರೆ ಆರಬೇಕು. ಕಳಚಕ್ಕ ಆ ಕಾರ್ಖಾನೆಗೆ ಬಂದದ್ದು ಬೆಸುಗೆ ಹಾಕಲು. ಒಂಬತ್ತು ವರ್ಷ ಹೊಗೆ ಕುಡಿದು ಬೆಸುಗೆ ಹಾಕಿದಳು. ಊಟದ ಬಿಡುವಿನಲ್ಲಿ, ಯಾರೋ ಎಸೆದಿದ್ದ ಪುಸ್ತಕ ಇಟ್ಟುಕೊಂಡು, ಒಂದು ಕೈಯಲ್ಲಿ ತುತ್ತು ಇನ್ನೊಂದರಲ್ಲಿ ಪೆನ್ಸಿಲು ಹಿಡಿದು ಪ್ರೋಗ್ರಾಂ ಕಲಿತಳು. ನಲವತ್ತು ದಾಟುವ ಹೊತ್ತಿಗೆ ಆ ತಂತಿಯ ಡ್ರೈವರ್ ಬರೆಯುವುದು ಆಕೆಯ ಕೆಲಸವಾಗಿತ್ತು. ಹೊರಗಿನ ಸಾಧನಕ್ಕೂ ಒಳಗಿನ ಕಂಪ್ಯೂಟರಿಗೂ ನಡುವೆ ನಿಂತು ಮಾತು ಸಾಗಿಸುವ ಸಣ್ಣ ಪ್ರೋಗ್ರಾಮಿಗೆ ಆ ಕಸುಬಿನವರು ಡ್ರೈವರ್ ಎನ್ನುತ್ತಾರೆ.

ತಂತಿ ಸಿಕ್ಕಿಸಿದಾಗ ಆ ಡ್ರೈವರ್ ಮೂರು ಕೆಲಸ ಮಾಡುತ್ತಿತ್ತು. ಮೊದಲು, ಅಂಕಿ ಬರೆದುಕೊಳ್ಳಲು ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕೇಳಿ ಪಡೆಯುತ್ತಿತ್ತು. ಆಮೇಲೆ ಗಂಟೆಯ ಏರ್ಪಾಡು: ಸೆನ್ಸರ್ ಸೆಕೆಂಡಿಗೆ ಹತ್ತು ಸಲ ಗಂಟೆ ಬಾರಿಸಿದಂತೆ ಕರೆಯುತ್ತದೆ, ಕರೆದಾಗಲೆಲ್ಲ ಕಂಪ್ಯೂಟರ್ ಕೈಲಿದ್ದ ಕೆಲಸ ಬಿಟ್ಟು ಓಡಿ ಆ ಜಾಗದಲ್ಲಿ ಹೊಸ ಅಂಕಿ ಬರೆಯುತ್ತದೆ. ಕೊನೆಗೆ ಹಾಸಿಗೆಯ ಬಿಸಿ. ತಂತಿ ಕಿತ್ತಾಗ ಇದೆಲ್ಲ ಹಿಮ್ಮುಖವಾಗಿ ನಡೆಯಬೇಕು. ಮೊದಲು ಬಿಸಿ ಆರಬೇಕು, ಆಮೇಲೆ ಗಂಟೆ ನಿಲ್ಲಬೇಕು, ಎಲ್ಲಕ್ಕೂ ಕೊನೆಗೆ ಜಾಗ ಹಿಂದಿರುಗಬೇಕು. ತಂತಿ ಕಿತ್ತರೂ, ಅದಕ್ಕೆ ಮೊದಲೇ ಹೊರಟ ಕೊನೆಯ ಗಂಟೆಯ ಕರೆ ಒಮ್ಮೊಮ್ಮೆ ಇನ್ನೂ ದಾರಿಯಲ್ಲಿರುತ್ತದೆ. ಆಗಲೇ ಜಾಗ ಬಿಟ್ಟುಕೊಟ್ಟರೆ ಬರೆಯುವ ಕೈ ಬೇರೆ ಯಾರದೋ ಜಾಗದಲ್ಲಿ ಗೀಚುತ್ತದೆ. ಆಗ ಇಡೀ ಯಂತ್ರ ಇದ್ದ ಸ್ಥಿತಿಯಲ್ಲೇ ಕಲ್ಲಾಗುತ್ತದೆ. ಬಿಸಿ ಹತ್ತಿದ್ದರೆ, ಹತ್ತಿದ ಹಾಗೆಯೇ.

ಉದ್ಘಾಟನೆಗೆ ಕತ್ತರಿ ಹಿಡಿದು ಫೋಟೊಗೆ ನಿಲ್ಲಲು ಜನ ನೂಕಾಡುತ್ತಾರೆ. ಕೊನೆಯವನಾಗಿ ನಿಂತು ದೀಪ ಆರಿಸಿ, ನೀರು ನಿಲ್ಲಿಸಿ, ಬೀಗ ಹಾಕುವವನ ಫೋಟೊ ಯಾರಾದರೂ ತೆಗೆದಿದ್ದಾರೆಯೇ? ಕಳಚಕ್ಕ ಆ ಕೊನೆಯವನ ಕೆಲಸವನ್ನು ಜೀವಮಾನವಿಡೀ ಮಾಡಿದಳು. ಆ ಕೆಲಸದಲ್ಲೇ ಎಡವಿದಳು.

ಆದದ್ದು ಇಷ್ಟು. ಕಂಪ್ಯೂಟರಿನ ವ್ಯವಸ್ಥೆಯಲ್ಲಿ ಒಂದು ಅನುಕೂಲ ಇದೆ. ಪಡೆದ ವಸ್ತುಗಳನ್ನು ಅದರ ವಶಕ್ಕೆ ಒಪ್ಪಿಸಿದರೆ, ತಂತಿ ಕಿತ್ತಾಗ ಅದೇ ಎಲ್ಲವನ್ನೂ ಹಿಮ್ಮುಖ ಕ್ರಮದಲ್ಲಿ ಬಿಡಿಸಿಕೊಡುತ್ತದೆ. ಕಳಚಕ್ಕನ ಮೇಲಿನ ಟೀಮ್ ಲೀಡ್, ಆಕೆಗಿಂತ ಹದಿನೈದು ವರ್ಷ ಚಿಕ್ಕವನು, "ಎಲ್ಲಾ ಅದಕ್ಕೇ ಒಪ್ಪಿಸಿಬಿಡಿ ಅಕ್ಕಾ, ಬರೆಯೋ ಸಾಲು ಕಡಿಮೆ ಆಗುತ್ತೆ" ಎಂದಿದ್ದ. ಆಕೆ ಬಿಸಿಯನ್ನು ಒಪ್ಪಿಸಿದಳು, ಗಂಟೆಯನ್ನು ಒಪ್ಪಿಸಿದಳು. ಅಷ್ಟರಲ್ಲಿ ಸಂಜೆಯಾಯಿತು. ಜಾಗವನ್ನು ತನ್ನ ಕೈಯಿಂದಲೇ ಹಿಂದಿರುಗಿಸುವ ಹಳೆಯ ಸಾಲು ಹಾಗೇ ಉಳಿಯಿತು, ಮರುದಿನ ಮರೆತುಹೋಯಿತು. ವ್ಯವಸ್ಥೆಯ ನಿಯಮವೋ, ಕೈಯಿಂದ ಬಿಡಿಸುವುದೆಲ್ಲ ಮುಗಿದ ಮೇಲೆಯೇ ತನ್ನ ಕೆಲಸ ಶುರುಮಾಡುವುದು. ಹೀಗೆ ಕೊನೆಗೆ ಹೋಗಬೇಕಾಗಿದ್ದ ಜಾಗ ಮೊದಲು ಹೋಗತೊಡಗಿತು. ಅರ್ಧ ಒಪ್ಪಿಸಿ ಅರ್ಧ ಕೈಲಿಟ್ಟುಕೊಂಡವರು ಮಾತ್ರ ಮಾಡಬಲ್ಲ ತಪ್ಪು. ಪರೀಕ್ಷೆಯ ಹಾಳೆಗೆ ಆಕೆಯೇ ಸಹಿ ಹಾಕಿದಳು. ಹನ್ನೊಂದು ಪೆಟ್ಟಿಗೆ ಹೊರಗೆ ಹೋದವು. ಅವುಗಳಲ್ಲಿ ಆರು ಪೆಟ್ಟಿಗೆ ಇದೇ ಊರಿನ ಒಂದು ಆಸ್ಪತ್ರೆಗೇ, ಉಳಿದ ಐದು ಬೇರೆ ಬೇರೆ ಊರುಗಳ ಐದು ಆಸ್ಪತ್ರೆಗಳಿಗೆ.

ಆರನೇ ದಿನದ ಬೆಳಿಗ್ಗೆ ಪರೀಕ್ಷಾ ಕೋಣೆಯಲ್ಲಿ ಉಳಿದಿದ್ದ ಪೆಟ್ಟಿಗೆಯನ್ನು ಒರೆಸಲೆಂದು ತಂತಿ ಕಿತ್ತಳು. ಕಿತ್ತ ಕೂಡಲೇ ಪರದೆಯಲ್ಲಿ ಅಂಕಿ ಹೋಗಿ ಎರಡು ಗೆರೆ ಬರಬೇಕು. ಬರಲಿಲ್ಲ. ಮೂವತ್ತಾರೂವರೆ ಎಂದು ಹಸಿರು ಅಂಕಿ ನಿಂತೇ ಇತ್ತು. ಕೈಯಲ್ಲಿ ಕಿತ್ತ ತಂತಿ ತೂಗುತ್ತಿತ್ತು, ಪರದೆ ಮಾತ್ರ ಕೂಸು ಬೆಚ್ಚಗಿದೆ ಎನ್ನುತ್ತಿತ್ತು. ಆಕೆ ಹಾಸಿಗೆಯ ಮೇಲೆ ಅಂಗೈ ಇಟ್ಟಳು. ಬಿಸಿ ಏರುತ್ತಿತ್ತು. ಗೋಡೆಯ ಪ್ಲಗ್ಗನ್ನೇ ಕಿತ್ತು ಹಾಕಿ, ಸ್ಟೂಲೆಳೆದು ತನ್ನ ಪ್ರೋಗ್ರಾಮಿನ ಮುಂದೆ ಕೂತಳು.

ತಪ್ಪು ಹುಡುಕಲು ಅರ್ಧ ಗಂಟೆ ಸಾಕಾಯಿತು. ತಂತಿಯನ್ನು ತಾನಾಗಿ ಜೋಡಿಸಿ ಬಿಡಿಸುವ ಸ್ವಿಚ್ಚೊಂದನ್ನು ಕಟ್ಟಿ, ನಾಲ್ಕು ಸಾವಿರ ಸಲ ಬಿಡಿಸಿ ನೋಡಿದಳು. ಹತ್ತು ಸಲ ಯಂತ್ರ ಕಲ್ಲಾಯಿತು. ನಾನೂರಕ್ಕೆ ಒಂದು. ಆ ಪೆಟ್ಟಿಗೆಯಲ್ಲಿ ಬಿಸಿ ಮಿತಿಮೀರಿದರೆ ವಿದ್ಯುತ್ ಕಡಿಯುವ ಒಂದು ಸ್ವಿಚ್ ಇತ್ತು, ಇಲ್ಲವೆಂದಲ್ಲ. ಅದು ಕಡಿಯುತ್ತಿದ್ದುದು ಎಪ್ಪತ್ತು ಡಿಗ್ರಿಗೆ. ಯಂತ್ರ ಸುಡದಂತೆ ಕಾಯುವ ಸ್ವಿಚ್ ಹಾಕಿದ್ದರು, ಕೂಸನ್ನು ಕಾಯುವ ಸ್ವಿಚ್ಚನ್ನು ಮುಂದಿನ ಮಾಡೆಲ್ಲಿಗೆ ಬಿಟ್ಟಿದ್ದರು. ಹೀಗೆ ತೀರ್ಮಾನಿಸಿದವರು ರಾಕ್ಷಸರಲ್ಲ. ಮೀಟಿಂಗಿನಲ್ಲಿ ಕೂತು, ಚಹಾ ಕುಡಿಯುತ್ತ, ತಲೆಯಾಡಿಸಿದವರು.

ಲೀಡ್ ಮೌಸ್ ತಿರುಗಿಸುತ್ತಲೇ ಕೇಳಿಸಿಕೊಂಡ.

"ನಾನೂರಕ್ಕೆ ಒಂದು ಸಲ, ಅಲ್ವಾ ಅಕ್ಕಾ?"

"ಒಂದು ಸಲ ಸಾಲದಾ ಸಾರ್?"

"ಬಿಸಿ ಇರೋವಾಗ ತಂತಿ ಯಾರು ಕೀಳ್ತಾರೆ ಹೇಳಿ. ಕೈಪಿಡಿಯಲ್ಲಿ ಹದಿನೇಳನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ, ಕೀಳಬಾರದು ಅಂತ."

"ಹದಿನೇಳನೇ ಪುಟ ಯಾರಾದ್ರೂ ಓದಿದ್ದಾರಾ?"

"ನಾನು ಓದಿದ್ದೀನಿ. ನಾನೇ ಬರೆದಿದ್ದು."

"ಹಾಗಾದ್ರೆ ಒಬ್ಬರು ಓದಿದ್ದಾರೆ."

ಅವನು ನಗಲಿಲ್ಲ. "ಮುಂದಿನ ಅಪ್‌ಡೇಟ್ ಒಂದನೇ ತಾರೀಕು. ಇನ್ನು ಒಂಬತ್ತು ದಿನ. ಅಲ್ಲೀವರೆಗೆ ಆಸ್ಪತ್ರೆಯವರ ಹತ್ರ ಬಾಯಿ ಬಿಡಬೇಡಿ. ಹಾಳೆ ಮೇಲೆ ಇರೋದು ನಿಮ್ಮ ಸಹಿ, ನೆನಪಿರಲಿ."

ಮನೆಯಲ್ಲಿ ಗಂಡ ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದ. ಲಿಫ್ಟ್ ರಿಪೇರಿ ಅವನ ಕೆಲಸ. ಆಕೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಅವನು ಕೈ ಉಜ್ಜುವುದನ್ನು ನಿಲ್ಲಿಸಿದ.

"ಬ್ರೇಕ್ ಕಚ್ಚಿದ್ಯಾ ಅಂತ ನೋಡದೆ ಹಗ್ಗ ಬಿಚ್ಚಿದ ಹಾಗಾಯ್ತಲ್ಲೇ."

"ಹೂಂ."

"ಕ್ಯಾಬಿನ್ ಒಳಗೆ ಜನ ಇದ್ದಾರಾ?"

"ಇದ್ದಾರೆ. ಒಬ್ಬೊಬ್ಬರೂ ಎರಡು ಕೇಜಿ ಇಲ್ಲ."

ಅವನು ಬಟ್ಟೆಗೆ ಕೈ ಒರೆಸಿದ. "ಸರಿ ಮಾಡಿದ್ದು ನಿನ್ನ ಹತ್ರ ಇದೆಯಲ್ಲ. ನಾಳೆ ಹೋಗಿ ಹಾಕಿ ಬಾ, ಯಾರನ್ನ ಕೇಳ್ಬೇಕು?"

"ಹೋದ ವಾರಾನೂ ಸರಿ ಇದೆ ಅಂತಾನೇ ಸಹಿ ಹಾಕಿದ್ದೆ. ಇದೂ ಅದೇ ಕೈಯಲ್ವಾ? ಇನ್ನೊಬ್ಬರು ನೋಡದೆ ಮಕ್ಕಳ ಪೆಟ್ಟಿಗೆಗೆ ಹಾಕಲ್ಲ ನಾನು."

"ಮತ್ತೇನು ಮಾಡ್ತೀಯಾ?"

"ಹೋಗಿ ಹೇಳ್ತೀನಿ."

"ಕೆಲಸ ಹೋಗುತ್ತೆ."

"ಹೂಂ, ಹೋಗುತ್ತೆ. ನೀನಿನ್ನೂ ಕೈ ತೊಳ್ಕೊಂಡಿಲ್ಲ, ಊಟಕ್ಕೆ ಬಾ."



ಮರುದಿನ ಬೆಳಿಗ್ಗೆ ಎಂಟಕ್ಕೆ ಆಕೆ ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನ ಬಾಗಿಲಲ್ಲಿದ್ದಳು. ಕಿಟಕಿಯ ಸಾಲಿಗೆ ಆರು ಪೆಟ್ಟಿಗೆ. ಆ ವಾರ್ಡನ್ನು ಆಳುತ್ತಿದ್ದವಳು ಐವತ್ತು ದಾಟಿದ, ಕಂಚಿನ ದನಿಯ ನರ್ಸ್. ಎಲ್ಲರಿಗೂ ಆಕೆ ದೊಡ್ಡ ಸಿಸ್ಟರ್. ಅದೇ ಹೊತ್ತಿಗೆ ಹಾಲಿನ ಸಮಯವಾಯಿತು. ದೊಡ್ಡ ಸಿಸ್ಟರ್ ಮೊದಲ ಪೆಟ್ಟಿಗೆಯ ಬಾಗಿಲು ತೆರೆದು, ಪಟಕ್ಕನೆ ತಂತಿ ಕಿತ್ತು, ಹೊಟ್ಟೆಯ ಮೇಲೆ ಸೆನ್ಸರ್ ಇದ್ದಂತೆಯೇ ಕೂಸನ್ನೆತ್ತಿ ತಾಯಿಯ ಕೈಗೆ ಕೊಟ್ಟಳು. ಪರದೆಯಲ್ಲಿ ಎರಡು ಗೆರೆ ಬಂತು. ಎರಡನೇ ಪೆಟ್ಟಿಗೆ. ಪಟ್. ಗೆರೆ. ಮೂರನೆಯದು. ಪಟ್. ಕಳಚಕ್ಕ ಒಳಗೆ ನುಗ್ಗಿದಳು.

"ಸಿಸ್ಟರ್, ಬಿಸಿ ಇರುವಾಗಲೇ ಯಾಕೆ ತಂತಿ ಕೀಳ್ತೀರಿ?"

"ಯಾರಮ್ಮ ನೀನು? ಚಪ್ಪಲಿ ಹೊರಗೆ ಬಿಡು." ಕೈ ನಿಲ್ಲಿಸದೆ ದೊಡ್ಡ ಸಿಸ್ಟರ್ ಹೇಳಿದಳು. "ಹಿಂದೆ ಒಂದು ಸಲ ತಂತಿ ತಾಯಿ ತೋಳಿಗೆ ಸಿಕ್ಕಿ ಎಳೀತು. ಅಂಟಿನ ಜೊತೆ ಮಗು ಚರ್ಮಾನೇ ಕಿತ್ತು ಬಂತು. ಈರುಳ್ಳಿ ಸಿಪ್ಪೆಗಿಂತ ತೆಳು ಇರುತ್ತೆ ಇವಕ್ಕೆ. ಅವತ್ತಿಂದ ಈ ವಾರ್ಡಲ್ಲಿ ಮೊದಲು ತಂತಿ, ಆಮೇಲೆ ಮಗು."

"ದಿನಕ್ಕೆ ಎಷ್ಟು ಸಲ?"

"ಮೂರು ಗಂಟೆಗೊಮ್ಮೆ ಹಾಲು. ಆರು ಮಕ್ಕಳು. ನೀನೇ ಲೆಕ್ಕ ಹಾಕ್ಕೊ."

ನಲವತ್ತೆಂಟು. ಎಂಟು ದಿನಕ್ಕೆ ನಾನೂರರ ಹತ್ತಿರ. ಅಂದು ಏಳನೇ ದಿನ. ಹದಿನೇಳನೇ ಪುಟ ಬರೆದವನು ಈ ಕೋಣೆಯಲ್ಲಿ ಒಂದು ಹಾಲಿನ ಹೊತ್ತು ನಿಂತಿದ್ದರೆ ಸಾಕಿತ್ತು. ಕೂಸಿನ ಮೇಲಿನ ಅಕ್ಕರೆಯಿಂದ ಹುಟ್ಟಿದ ರೂಢಿಯೇ ಕೂಸನ್ನು ಆ ನಾನೂರರ ಕಡೆಗೆ ದಿನಕ್ಕೆ ನಲವತ್ತೆಂಟು ಹೆಜ್ಜೆ ನಡೆಸುತ್ತಿತ್ತು.

"ಸಿಸ್ಟರ್, ಈ ಪೆಟ್ಟಿಗೆ ಒಳಗಿನ ಪ್ರೋಗ್ರಾಂ ಬರೆದಿದ್ದು ನಾನು. ತಪ್ಪು ಮಾಡಿದ್ದೀನಿ."

ದೊಡ್ಡ ಸಿಸ್ಟರ್ ಈಗ ತಿರುಗಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೂವತ್ತು ವರ್ಷ ಆಯ್ತು, ಕಂಪನಿಯವರ ಬಾಯಲ್ಲಿ ತಪ್ಪು ಅನ್ನೋ ಮಾತು ಕೇಳಿಲ್ಲ. ಏನು ಮಾರೋಕೆ ಬಂದೆ?"

ಮಾರಲು ಬಂದಿಲ್ಲ ಎಂದು ನಂಬಿಸಲು ಕಾಲು ಗಂಟೆ ಹಿಡಿಯಿತು. ಮೊದಲು ಬಟನ್ ಒತ್ತಿ ಬಿಸಿ ಆರಿಸಿ, ಆಮೇಲೆ ತಂತಿ ಕಿತ್ತರೆ, ಯಂತ್ರ ಕಲ್ಲಾದರೂ ಆರಿದ ಹಾಸಿಗೆ ಆರಿದ ಹಾಗೇ ಇರುತ್ತದೆ ಎಂದು ಕಳಚಕ್ಕ ವಿವರಿಸಿದಳು.

"ಆರಿಸಿದ್ರೆ ಮತ್ತೆ ಬಿಸಿಯಾಗೋಕೆ ಹನ್ನೆರಡು ನಿಮಿಷ ಬೇಕು. ತಣ್ಣನೆ ಹಾಸಿಗೆ ಮೇಲೆ ಮಲಗಿಸ್ಲಾ? ನಿನ್ನ ಭಯಕ್ಕೆ ನನ್ನ ಮಕ್ಕಳು ನಡುಗಬೇಕಾ?"

ಉತ್ತರ ಕೊಟ್ಟವಳೂ ದೊಡ್ಡ ಸಿಸ್ಟರೇ. ಮೂರನೇ ಪೆಟ್ಟಿಗೆಯ ಪಕ್ಕ ಕೂತು ಹಾಲೂಡುತ್ತಿದ್ದ ಚಿಕ್ಕ ವಯಸ್ಸಿನ ತಾಯಿಯನ್ನು ನೋಡುತ್ತ ಅಂದಳು: "ಎದೆ ಮೇಲೆ ಹನ್ನೆರಡು ನಿಮಿಷ ಜಾಸ್ತಿ ಇರ್ಲಿ ಬಿಡು. ಅಲ್ಲಿ ಯಾರ ಪ್ರೋಗ್ರಾಮೂ ಬೇಡ."

ಆರು ಪೆಟ್ಟಿಗೆಗಳಿಗೂ ಬಿಳಿ ಟೇಪ್ ಅಂಟಿಸಿ ಕಳಚಕ್ಕ ದಪ್ಪ ಅಕ್ಷರದಲ್ಲಿ ಬರೆದಳು: ಮೊದಲು ಬಿಸಿ, ಆಮೇಲೆ ತಂತಿ. ವಾರ್ಡಿನ ಡಾಕ್ಟರ್ ಬಂದು ಎಲ್ಲ ಕೇಳಿಸಿಕೊಂಡು ಕಂಪನಿಗೆ ದೂರಿನ ಪತ್ರ ಬರೆದು ಕಳಿಸಿದರು.

ಅಷ್ಟಕ್ಕೆ ಆಕೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಟೇಪನ್ನು ಕಣ್ಣು ಓದುವ ಮೊದಲೇ ಕೈ ತನ್ನ ರೂಢಿಯ ಕೆಲಸ ಮುಗಿಸಿಬಿಡುತ್ತದೆ ಎಂಬುದು ಬೆಸುಗೆಯ ಮೇಜಿನಲ್ಲಿ ಒಂಬತ್ತು ವರ್ಷ ಕೂತವಳಿಗೆ ಗೊತ್ತಿತ್ತು. ಬೆಳಗಿನಿಂದ ಸಂಜೆಯ ಪಾಳಿ ಬದಲಾಗುವವರೆಗೆ ಸ್ಟೂಲಿನ ಮೇಲೆ ಕೂತಳು. ಪ್ರತಿ ಸಲ ತಂತಿಗೆ ಕೈ ಹೋದಾಗಲೂ ಆಕೆಯ ಕಣ್ಣು ಪರದೆಗೆ ನೆಡುತ್ತಿತ್ತು. ಗೆರೆ ಬಂದರೂ ಎದ್ದು ಹೋಗಿ ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ಹಾಲಿನ ಹೊತ್ತು ಮುಗಿದರೆ ಮುಂದಿನದರ ಭಯ ಶುರು. ಪಾಳಿಗೆ ಬಂದ ನರ್ಸುಗಳಿಗೆ ಹೇಳಿದಳು, ತಾಯಂದಿರಿಗೆ ಹೇಳಿದಳು: "ಅಕಸ್ಮಾತ್ ಮರೆತು ತಂತಿ ಕಿತ್ರೆ ಪರದೆ ನೋಡಿ. ಗೆರೆ ಬಂದ್ರೆ ಸರಿ. ಅಂಕಿ ಹಾಗೇ ನಿಂತ್ರೆ ಅದು ಸುಳ್ಳು, ನಂಬಬೇಡಿ. ಗೋಡೆ ಪ್ಲಗ್ ಕಿತ್ತು ಹಾಕಿ."

"ಅಷ್ಟು ಚೆಂದ ಹಸಿರು ಅಂಕಿ ಬರುತ್ತಲ್ಲ ಅಕ್ಕಾ, ಸುಳ್ಳು ಹೇಗಾಗುತ್ತೆ?" ಎಂದು ಮೂರನೇ ಪೆಟ್ಟಿಗೆಯ ತಾಯಿ ಕೇಳಿದಳು.

"ಚೆಂದ ಇರೋದಕ್ಕೇ ಜನ ನಂಬ್ತಾರಮ್ಮ."

"ನಿನ್ನ ಕಾಟಕ್ಕೆ ನನ್ನ ನರ್ಸುಗಳು ಕನಸಲ್ಲೂ ಹಾಸಿಗೆ ಮುಟ್ತಿದ್ದಾರೆ," ಎಂದು ದೊಡ್ಡ ಸಿಸ್ಟರ್ ರೇಗಿದಳು. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಅವಳೂ ಮುಟ್ಟುತ್ತಿದ್ದಳು.

ಅಂದು ಮಧ್ಯಾಹ್ನ ಎರಡರ ಹಾಲು. ಮೂರನೇ ಪೆಟ್ಟಿಗೆಯ ಕೂಸು ಹಸಿವಿಗೆ ಕಿರುಚುತ್ತಿತ್ತು. ದೊಡ್ಡ ಸಿಸ್ಟರ್ ಆರನೆಯದರ ಹತ್ತಿರ ಇದ್ದಳು. ಕಳಚಕ್ಕನ ಫೋನ್ ಹೊಡೆದುಕೊಂಡಿತು, ಲೀಡ್. ಆಕೆ ಕಾರಿಡಾರಿಗೆ ಹೋದಳು.

"ಅಕ್ಕಾ, ನೀವು ಆಸ್ಪತ್ರೆಯಲ್ಲಿದ್ದೀರಾ? ಪತ್ರ ಬಂದಿದೆ ಇಲ್ಲಿ. ನಿಮಗೆ ಏನಾದ್ರೂ ತಿಳಿಯುತ್ತಾ? ಮೇಲಿನವರು ಕೆಂಡ ಆಗಿದ್ದಾರೆ. ಏನೂ ಆಗದೆ ಇರೋದಕ್ಕೆ..."

ಅವನು ಮಾತಾಡುತ್ತಲೇ ಇದ್ದ. ಬಹಳ ಹೊತ್ತು ಮಾತಾಡಿದ. ಒಳಗೆ ಆ ಚಿಕ್ಕ ತಾಯಿ, ವಾರ್ಡಿನಲ್ಲಿ ವಾರವಿಡೀ ಕಲಿತಿದ್ದ ಹಳೆಯ ರೂಢಿಯಂತೆಯೇ, ಅಳುವ ಕೂಸಿನ ಧಾವಂತದಲ್ಲಿ ತಂತಿ ಕಿತ್ತು ಕೂಸನ್ನೆತ್ತಿಕೊಂಡಿದ್ದಳು. ಬಟನ್ ಒತ್ತಿರಲಿಲ್ಲ. ಹಾಲೂಡಿಸಿದಳು, ಬೆನ್ನು ಸವರಿ ತೇಗಿಸಿದಳು. ಕೂಸು ನಿದ್ದೆಹೋಯಿತು. ಮಲಗಿಸಲು ಎದ್ದು ಬಾಗಿದಾಗ ಪರದೆ ಕಣ್ಣಿಗೆ ಬಿತ್ತು.

"ಅಕ್ಕಾ! ಗೆರೆ ಬಂದಿಲ್ಲ!"

ಆ ಕೂಗಿಗೆ ಕಳಚಕ್ಕ ಫೋನ್ ಹಿಡಿದೇ ಓಡಿದಳು. ಆಕೆ ಹತ್ತಿರ ತಲುಪುವಷ್ಟರಲ್ಲಿ ದೊಡ್ಡ ಸಿಸ್ಟರ್ ಪ್ಲಗ್ ಕಿತ್ತಾಗಿತ್ತು. ಮೂವತ್ತಾರು ಪಾಯಿಂಟ್ ನಾಲ್ಕು ಎಂಬ ಹಸಿರು ಅಂಕಿ ಆಗ ಆರಿತು. ತಾಯಿ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಯಾರೋ ಕಸಿದುಕೊಳ್ಳಲು ಬಂದಂತೆ. ಕಳಚಕ್ಕ ಹಾಸಿಗೆಯ ಮೇಲೆ ಅಂಗೈ ಇಟ್ಟಳು. ಅಂಗೈ ತಾನಾಗಿ ಹಿಂದೆ ಬಂತು.

ಕೈಯಲ್ಲಿದ್ದ ಫೋನಿನಿಂದ ಇನ್ನೂ ದನಿ ಬರುತ್ತಿತ್ತು. "ಹಲೋ? ಅಕ್ಕಾ? ಕೇಳಿಸ್ತಿದೆಯಾ?" ದೊಡ್ಡ ಸಿಸ್ಟರ್ ಫೋನ್ ಕಿತ್ತುಕೊಂಡಳು.

"ಏನಪ್ಪಾ, ನಿಂಗೆ ಮಕ್ಕಳಿದ್ದಾರಾ? ಇಲ್ಲಿಗೆ ಬಾ. ಈ ಹಾಸಿಗೆ ಮೇಲೆ ನಿನ್ನ ಕೆನ್ನೆ ಇಟ್ಟು ಮಲಗು. ಆಮೇಲೆ ಮಾತಾಡು."

ಅವನು ಬಂದ. ಸಂಜೆಯೊಳಗೆ ಇಬ್ಬರು ಎಂಜಿನಿಯರುಗಳು ಪರೀಕ್ಷಿಸಿ ಒಪ್ಪಿದ ಹೊಸ ಪ್ರೋಗ್ರಾಂ ತಂದು ಆರು ಪೆಟ್ಟಿಗೆಗೂ ಹಾಕಿದ. ಒಂಬತ್ತು ದಿನ ಬೇಕಾಗಿದ್ದ ಕೆಲಸ ಬೈಸಿಕೊಂಡ ಮೇಲೆ ನಾಲ್ಕೇ ಗಂಟೆಯಲ್ಲಿ ಮುಗಿಯಿತು. ಬದಲಾದದ್ದು ಒಂದೇ ಸಾಲು. ಹೋಗುವಾಗ ಕಳಚಕ್ಕನ ಮುಖ ನೋಡದೆ, "ಉಳಿದ ಐದಕ್ಕೆ ಒಂದನೇ ತಾರೀಕು. ಆ ಆಸ್ಪತ್ರೆಗಳಿಂದ ದೂರೇನೂ ಬಂದಿಲ್ಲ" ಎಂದ.

ಯಾರೂ ಸಾಯಲಿಲ್ಲ. ಆದ್ದರಿಂದ ಕಡತದ ಪ್ರಕಾರ ಏನೂ ನಡೆಯಲಿಲ್ಲ. ನಮ್ಮ ಕಡತಗಳಿಗೆ ಹೆಣ ಬೇಕು, ಹೆಣ ಸಿಗುವವರೆಗೆ ಅವು ಬಾಯಿ ತೆರೆಯುವುದಿಲ್ಲ.

ಆ ಐದು ವಾರ್ಡುಗಳ ಫೋನ್ ನಂಬರು ಕಳಚಕ್ಕನ ನೋಟುಬುಕ್ಕಿನಲ್ಲಿತ್ತು, ನೋಟುಬುಕ್ಕು ಕಾರ್ಖಾನೆಯ ಮೇಜಿನ ಡ್ರಾಯರಿನಲ್ಲಿತ್ತು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಳು. ಗೇಟಿನಲ್ಲಿ ಆಫೀಸಿನ ಗುಮಾಸ್ತ ಕಾಯುತ್ತಿದ್ದ. ಒಂದು ಲಕೋಟೆ ಕೊಟ್ಟ, ಕೊರಳಿನ ಕಾರ್ಡ್ ಇಸಿದುಕೊಂಡ.

"ಒಳಗೆ ನಿಮ್ಮ ಸಾಮಾನೇನಾದ್ರೂ ಇದ್ರೆ ಈಗಲೇ ತಗೊಂಡು ಹೋಗಿಬಿಡಿ ಮೇಡಂ."

"ಕಾರ್ಡ್ ಇಲ್ಲದೆ ಬಾಗಿಲು ತೆರೆಯಲ್ವಲ್ಲ."

ಗುಮಾಸ್ತ ಕೈಲಿದ್ದ ಕಾರ್ಡನ್ನೂ ಮುಚ್ಚಿದ ಬಾಗಿಲನ್ನೂ ನೋಡಿದ. "ಕಾರ್ಡ್ ವಾಪಸ್ ಕೊಡೋ ಹಾಗಿಲ್ಲ. ಆರ್ಡರ್."

ನಾಲ್ಕು ದಿನದಲ್ಲಿ ಮೊದಲ ಸಲ ಕಳಚಕ್ಕನಿಗೆ ನಗು ಬಂತು. ಆಕೆಯ ನೋಟುಬುಕ್ಕು ತಂದುಕೊಟ್ಟವನು ಗೇಟಿನ ಮುದುಕ ವಾಚ್‌ಮನ್. "ಮೊದಲು ಸಾಮಾನು, ಆಮೇಲೆ ಕಾರ್ಡು ಅನ್ನೋದು ನಂಗೂ ಗೊತ್ತಾಗುತ್ತೆ ತಾಯಿ, ಇವರಿಗೆ ಗೊತ್ತಾಗಲ್ಲ" ಎಂದು ಗೊಣಗಿದ.

ಕಳಚಕ್ಕ ಗೇಟಿನೆದುರಿನ ಕಲ್ಲುಕಟ್ಟೆಯ ಮೇಲೆ ಕೂತು ಫೋನ್ ಮಾಡತೊಡಗಿದಳು. ಲಕೋಟೆ ಒಡೆಯದೆ ಮಗ್ಗುಲಲ್ಲಿ ಬಿದ್ದಿತ್ತು. ಮೊದಲ ಆಸ್ಪತ್ರೆಯವರು ಬರೆದುಕೊಂಡರು. ಎರಡನೆಯವರು ಬೈದರು, ಆದರೂ ಬರೆದುಕೊಂಡರು. ಮೂರನೆಯ ವಾರ್ಡಿನ ಪೆಟ್ಟಿಗೆ ಇನ್ನೂ ಬಿಚ್ಚಿಯೇ ಇರಲಿಲ್ಲ. ನಾಲ್ಕನೆಯವರು ಮೂರು ಸಲ ಹೇಳಿಸಿಕೊಂಡರು. ಐದನೆಯದು ಬಹಳ ಹೊತ್ತು ರಿಂಗಾಗಿ ಕಡಿಯಿತು. ಮತ್ತೆ ಮಾಡಿದಳು. ಮತ್ತೆ.

"ಹಲೋ, ಮಕ್ಕಳ ವಾರ್ಡು." ಚಿಕ್ಕ ದನಿ, ಏದುಸಿರು.

"ಸಿಸ್ಟರ್, ಹೊಸ ಬಿಸಿ ಪೆಟ್ಟಿಗೆ ವಿಷಯ ಒಂದು ಮಾತು..."

"ಒಂದ್ನಿಮಿಷ ಇರಿ ಮೇಡಂ, ಈಗಷ್ಟೇ ಹಾಲು ಕುಡಿಸಿದ್ದು, ಮಗು ಕೈಯಲ್ಲಿದೆ. ಮಲಗಿಸಿ ಬಂದುಬಿಡ್ತೀನಿ."

"ಮಲಗಿಸಬೇಡಿ!"

ವಾಚ್‌ಮನ್ ಬೆಚ್ಚಿ ತಿರುಗಿದ.

"ಮೊದಲು ಹಾಸಿಗೆ ಮೇಲೆ ಅಂಗೈ ಇಡಿ, ತಾಯಿ. ಇಟ್ಟು ನೋಡಿ. ಪರದೆಯಲ್ಲಿ ಏನಿದೆ ಹೇಳಿ."

ಹೆಜ್ಜೆಯ ಸದ್ದು. ಪೆಟ್ಟಿಗೆಯ ಬಾಗಿಲು ತೆರೆದ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ. ಕಳಚಕ್ಕನ ಅಂಗೈ ತನಗೆ ತಿಳಿಯದೆಯೇ ಕಟ್ಟೆಯ ತಣ್ಣನೆ ಕಲ್ಲಿಗೆ ಒತ್ತಿಕೊಂಡಿತ್ತು.

"ಹಾಸಿಗೆ ತಣ್ಣಗಿದೆ ಮೇಡಂ. ಪರದೆಯಲ್ಲಿ ಗೆರೆ. ಎರಡು ಗೆರೆ ಇದೆ. ಯಾಕೆ, ಏನಾಯ್ತು?"

"ಏನೂ ಆಗಿಲ್ಲ," ಎಂದಳು ಕಳಚಕ್ಕ. "ಮಗೂನ ಹಾಗೇ ಎದೆ ಮೇಲೆ ಇಟ್ಕೊಂಡಿರಿ. ಒಂದು ಪೆನ್ನು ತಗೊಳ್ಳಿ. ಹೇಳ್ತೀನಿ, ಬರ್ಕೊಳ್ಳಿ."